ದಿನಾ ಕೃತಜ್ಞತೆಯ ಡೈರಿ ಬರೆದರೂ ಏನೂ ಅನಿಸುತ್ತಿಲ್ಲ, ಯಾಕೆ?

ಬದುಕಿನಲ್ಲಿ ಸಿಕ್ಕ ಒಳ್ಳೆಯದನ್ನು ನೆನೆದು ಎರಡು ವಾರ ದಿನಾ ರಾತ್ರಿ ಡೈರಿಯಲ್ಲಿ ಬರೆದೆ, ಏನೂ ವ್ಯತ್ಯಾಸ ಕಾಣಲಿಲ್ಲ, ಇದೆಲ್ಲ ಬರೀ ಬೊಗಳೆನಾ ಅಂತ ಕೇಳಿದ್ದೀರಿ. ಬೊಗಳೆ ಅಲ್ಲ. ಆದರೆ ‘ಆರೋಗ್ಯ, ಮನೆಯವರು, ಕೆಲಸ’ ಅಂತ ದಿನಾ ಅದೇ ಮೂರು ಸಾಲು ಬರೆದೆ ಅಂತ ನೀವೇ ಹೇಳಿದ್ದೀರಲ್ಲ, ಎಡವಟ್ಟು ಅಲ್ಲೇ ಇದೆ. ನಾಲ್ಕನೇ ದಿನದ ಹೊತ್ತಿಗೆ ಕೈ ಬರೆಯುತ್ತಿರುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಹಾಗೆ.

ನಮ್ಮ ಮನಸ್ಸು ಎಂಥದ್ದಕ್ಕೂ ಬೇಗ ಒಗ್ಗಿಹೋಗುತ್ತದೆ. ಹಲ್ಲುನೋವು ಇರುವಾಗ ಹಲ್ಲು ಬಿಟ್ಟು ಬೇರೆ ಯೋಚನೆಯೇ ಇರುವುದಿಲ್ಲ. ನೋವು ಹೋದ ಮೇಲೆ ಎರಡು ದಿನ ಆರಾಮ ಅನಿಸುತ್ತದೆ, ಆಮೇಲೆ ಹಲ್ಲಿನ ನೆನಪೇ ಇರುವುದಿಲ್ಲ. ಚೆನ್ನಾಗಿ ನಡೆಯುತ್ತಿರುವುದು ಕಣ್ಣಿಗೆ ಬೀಳೋದೇ ಇಲ್ಲ, ಅಲ್ವಾ? ಕೃತಜ್ಞತೆ ಈ ಮರೆವಿಗೆ ಸ್ವಲ್ಪ ಅಡ್ಡ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಪವಾಡವನ್ನೇನೂ ನಾನು ಅದರಿಂದ ನಿರೀಕ್ಷಿಸುವುದಿಲ್ಲ.

ಡೈರಿ ವಿಷಯಕ್ಕೆ ಬಂದರೆ, ಎಲ್ಲರೂ ಹೇಳುವುದು ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅದರ ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ವಾರಕ್ಕೆ ಒಂದೇ ಸಲ, 10 ವಾರ, ಹೆಚ್ಚೆಂದರೆ 5 ವಿಷಯ. ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಇವರಿಗೆ ಬದುಕಿನ ಬಗ್ಗೆ ಜಾಸ್ತಿ ಸಮಾಧಾನವಿತ್ತು. ದಿನಾ ಬರೆಸಿದ ಪ್ರಯೋಗವೂ ಅದರಲ್ಲಿದೆ, ಅದರಲ್ಲೂ ಉಪಯೋಗ ಕಂಡಿತ್ತು. ಆದರೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಜೊತೆಗಾರರು ಮಾಡಿದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಲಾಭವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಹಾಗಾಗಿ ದಿನಾ ಬರೆಯಲೇಬೇಕು ಅಂತ ಹಟ ಬೇಡ.

ನನ್ನನ್ನು ಕೇಳಿದರೆ, ಪುಸ್ತಕದಲ್ಲಿ ಬರೆಯುವುದಕ್ಕಿಂತ ಆ ವ್ಯಕ್ತಿಗೇ ಹೇಳುವುದು ಮೇಲು. ಅದೂ ಸುಮ್ನೆ ‘ಥ್ಯಾಂಕ್ಸ್’ ಅಂತಲ್ಲ, ಯಾಕೆ ಅಂತ ಬಿಡಿಸಿ ಹೇಳಬೇಕು. ಒಮ್ಮೆ ನಾನು ರಜೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ನನ್ನ ಲೆಕ್ಕದ ಶೀಟ್ ಮುಗಿಸಿಟ್ಟಿದ್ದರು. ಅನುಮಾನ ಇದ್ದ ಸಾಲುಗಳಿಗೆಲ್ಲ ಹಳದಿ ಬಣ್ಣ ಹಾಕಿ, ಪಕ್ಕದಲ್ಲಿ ಯಾಕೆ ಅಂತ ಎರಡೆರಡು ಪದ ಬರೆದಿದ್ದರು. ‘ಆ ಹಳದಿ ಸಾಲುಗಳಿಂದ ನನಗೆ ಅರ್ಧ ದಿನದ ಕೆಲಸ ಉಳಿಯಿತು’ ಅಂತ ಅವರಿಗೆ ಹೇಳಿದೆ. ‘ಅದನ್ನು ಯಾರು ನೋಡ್ತಾರೆ ಅಂದ್ಕೊಂಡಿದ್ದೆ’ ಅಂದರು. ಮುಖ ಮಾತ್ರ ಅರಳಿತ್ತು. ಅವತ್ತಿನಿಂದ ನಮ್ಮಿಬ್ಬರ ಮಾತುಕತೆಯೂ ಸಲೀಸಾಯಿತು.

ಹೀಗೆ ಹೇಳಲು ನಮಗೆ ಸಂಕೋಚ. ಎದುರಿನವರಿಗೆ ಮುಜುಗರವಾಗುತ್ತದೇನೋ, ನಾಟಕ ಅನ್ನುತ್ತಾರೇನೋ ಅಂತ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಆಗುವ ಮುಜುಗರವನ್ನು ಇರುವುದಕ್ಕಿಂತ ಜಾಸ್ತಿ ಅಂದುಕೊಂಡಿದ್ದರು. ಆಗುವ ಖುಷಿಯನ್ನು ಕಡಿಮೆ ಅಂದುಕೊಂಡಿದ್ದರು.

ಇನ್ನೊಂದು ಮಾತು. ಕೃತಜ್ಞತೆಯ ಹೆಸರಲ್ಲಿ ಬಾಯಿ ಮುಚ್ಚಿಸುವವರೂ ಇದ್ದಾರೆ. ‘ಕೆಲಸ ಇದೆಯಲ್ಲ, ಅದಕ್ಕೇ ಖುಷಿಪಡು’ ಅಂತ ಸಂಬಳ ಕೇಳಿದವರಿಗೆ ಹೇಳುವವರು. ಅವರ ಮಾತಿಗೆ ಸೊಪ್ಪು ಹಾಕಬೇಡಿ. ಸಿಕ್ಕ ಒಳ್ಳೆಯದನ್ನು ನೆನೆಯುತ್ತಲೇ ಆಗುತ್ತಿರುವ ಅನ್ಯಾಯವನ್ನು ಗಟ್ಟಿಯಾಗಿ ಕೇಳಬಹುದು. ಹಾಗೆಯೇ ವಾರಗಟ್ಟಲೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ, ನಿದ್ದೆ ಬರುತ್ತಿಲ್ಲ ಅಂದರೆ ಡೈರಿ ನೆಚ್ಚಿಕೊಂಡು ಕೂರಬೇಡಿ, ಡಾಕ್ಟರನ್ನು ನೋಡಿ.

ಸದ್ಯಕ್ಕೆ ನೋಟ್‌ಬುಕ್ ಪಕ್ಕಕ್ಕಿಡಿ. ಇತ್ತೀಚೆಗೆ ನಿಮ್ಮ ಕೆಲಸ ಹಗುರ ಮಾಡಿದ ಒಬ್ಬರನ್ನು ನೆನಪಿಸಿಕೊಳ್ಳಿ. ಅವರು ಮಾಡಿದ್ದೇನು, ಅದರಿಂದ ನಿಮಗೆ ಏನಾಯಿತು, ಎರಡೇ ಸಾಲು ಬರೆದು ಮೆಸೇಜ್ ಕಳಿಸಿ. ಉತ್ತರ ಬರದಿದ್ದರೂ ಪರವಾಗಿಲ್ಲ.