ರಾತ್ರಿಯಿಡೀ ಮಾಡುವ ಸ್ಲೀಪ್ ಸ್ಟಡಿಯಲ್ಲಿ ಏನು ನೋಡುತ್ತಾರೆ? ಮೈತುಂಬ ವೈರು ಅಂಟಿಸಿಕೊಂಡು ನಿದ್ದೆ ಬರುತ್ತದೆಯೇ?

ಬರುತ್ತದೆ. ಮನೆಯಷ್ಟು ಚೆನ್ನಾಗಿ ಅಲ್ಲ, ಆದರೆ ಸಾಮಾನ್ಯವಾಗಿ ವರದಿಗೆ ಅಷ್ಟು ಸಾಕು.

ತಲೆ, ಕಣ್ಣಿನ ಪಕ್ಕ, ಗದ್ದ, ಕಾಲುಗಳಿಗೆ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಮೂಗಿನ ಕೆಳಗೆ ಉಸಿರಿನ ಸೆನ್ಸರ್, ಎದೆ-ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಸೂಜಿ ಚುಚ್ಚುವುದಿಲ್ಲ. ತಲೆಗೆ ಹಚ್ಚಿದ ಪೇಸ್ಟ್ ಮಾತ್ರ ಬೆಳಿಗ್ಗೆ ಒಂದೇ ಸ್ನಾನಕ್ಕೆ ಬಿಟ್ಟರೆ ನಿಮ್ಮ ಪುಣ್ಯ!

ಹೆಚ್ಚಾಗಿ ಹುಡುಕುವುದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ತೊಂದರೆ. ಜೋರು ಗೊರಕೆ, ಇದ್ದಕ್ಕಿದ್ದಂತೆ ಮೌನ, ಆಮೇಲೆ ಗಕ್ಕನೆ ಉಸಿರು: ಮಲಗಿದವರಿಗೆ ಗೊತ್ತಾಗುವುದಿಲ್ಲ, ಪಕ್ಕದವರು ಎದ್ದು ಕೂತಿರುತ್ತಾರೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ, ಇಲ್ಲವೇ ತೀರಾ ಕುಗ್ಗಿ ಆಮ್ಲಜನಕ ಇಳಿದರೆ ಅಥವಾ ನಿದ್ದೆ ಕದಡಿದರೆ, ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ದೊಡ್ಡವರಲ್ಲಿ ಇದು ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, ಅಲ್ಲಿಂದ 30ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. ಮೊದಲರ್ಧದಲ್ಲೇ ಸಮಸ್ಯೆ ಸ್ಪಷ್ಟವಾದರೆ ಕೆಲವೊಮ್ಮೆ ಅದೇ ರಾತ್ರಿ ಎಬ್ಬಿಸಿ ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಯಂತ್ರದ ಮಾಸ್ಕ್ ಹಾಕಿ, ಗಾಳಿಯ ಒತ್ತಡ ಎಷ್ಟಿದ್ದರೆ ಉಸಿರಾಟ ಸರಿಹೋಗುತ್ತದೆಂದು ನೋಡುತ್ತಾರೆ.

ಬರೀ ನಿದ್ದೆ ಬರುವುದಿಲ್ಲ ಎನ್ನುವವರಿಗೆ ಸಾಮಾನ್ಯವಾಗಿ ಇದು ಬೇಕಾಗುವುದಿಲ್ಲ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಮಧ್ಯಾಹ್ನದ ಮೇಲೆ ಕಾಫಿಯೂ ಬೇಡ.