ಆರನೇ ಪುಟದ ‘ಗೊತ್ತುಂಟಾ’

ಓದುಗರ ಪತ್ರ: “ಮಣಿಪಾಲದಲ್ಲಿ ನಾವು ಹತ್ತು ಹನ್ನೆರಡು ಮಂದಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳ, ಹುಚ್ಚಿನವರಿದ್ದೇವೆ. ನೋಡಿದ ಸರಣಿಗಳ ಪಾತ್ರಗಳನ್ನಿಟ್ಟುಕೊಂಡು ಕನ್ನಡದಲ್ಲೇ ಫ್ಯಾನ್ ಫಿಕ್ಷನ್ ಬರೆದು ಒಬ್ಬರಿಗೊಬ್ಬರು ಓದಲು ಕೊಡುತ್ತೇವೆ. ವಿಮರ್ಶೆಯ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದ ತಿಂಗಳು, ‘ನರುಟೊ’ ಸರಣಿಯ ನಾಯಕ ನರುಟೊನನ್ನಿಟ್ಟು ಒಬ್ಬ ಹುಡುಗ ಬರೆದ ಕಥೆಗೆ ‘ನರುಟೊ ಹೀಗೆ ಮಾತಾಡುವುದೇ ಇಲ್ಲ’ ಎಂದು ಬರೆದೆ. ಹುಡುಗ ಮತ್ತೆ ನಮ್ಮ ಕಡೆ ಸುಳಿಯಲಿಲ್ಲ. ಎರವಲು ಪಾತ್ರಗಳ ಬಿಟ್ಟಿ ಬರವಣಿಗೆಗೆ ವಿಮರ್ಶೆ ಬೇಕೇ? ಕಥೆ, ವಿಮರ್ಶೆ ಎರಡನ್ನೂ ಕಳಿಸಿದ್ದೇನೆ. ಹಿಡಿಸಿದರೆ ಕಥೆಯನ್ನು ನೀವೇ ಪ್ರಕಟಿಸುತ್ತೀರಾ?”
— ಹೆಸರು ಬೇಡವೆಂದ ಓದುಗಿ, ಮಣಿಪಾಲ

ಸಂಪಾದಕರ ಉತ್ತರ:

ಎರಡನ್ನೂ ಓದಿದೆ. ಕಥೆ ಹನ್ನೊಂದು ಪುಟ, ನಿಮ್ಮ ವಿಮರ್ಶೆ ನಾಲ್ಕು ಸಾಲು.

‘ಎರವಲು ಪಾತ್ರ’ದ ಮಾತನ್ನು ಮೊದಲು ಮುಗಿಸಿಬಿಡುವ. ನಮ್ಮ ಊರಿನವರು ಆ ಆಕ್ಷೇಪ ಎತ್ತಬಾರದು. ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಎಂದೋ ಬರೆದಿಟ್ಟದ್ದು. ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಮಾತ್ರ ಆ ರಾತ್ರಿಯದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಿದ ವಾಲಿಯನ್ನು ಕೇಳಿ ಬಂದ ನನ್ನ ಅಪ್ಪ ‘ಪಾತ್ರ ವಾಲ್ಮೀಕಿಯದ್ದಲ್ಲವೇ’ ಎಂದು ಒಮ್ಮೆಯೂ ಹೇಳಲಿಲ್ಲ. ಮನೆಯ ಜಗಲಿಯಲ್ಲಿ ನೆರೆಯವರೊಡನೆ ಅವರ ಚರ್ಚೆ ಬೇರೆಯೇ: ರಾಮನಿಗೆ ಆ ಪ್ರಶ್ನೆ ಹಾಕಿದ್ದು ವಾಲಿಯೋ, ಭಟ್ಟರೋ? ಪಾತ್ರ ತನ್ನ ಸ್ವಭಾವ ಬಿಟ್ಟು ಮಾತಾಡುವ, ನೀವೆಲ್ಲ ‘ಓಓಸಿ’ (ಔಟ್ ಆಫ್ ಕ್ಯಾರೆಕ್ಟರ್) ಎನ್ನುವ ದೋಷಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಒಂದು ವ್ಯತ್ಯಾಸ ಉಂಟು. ತಾಳಮದ್ದಳೆಯಲ್ಲಿ ವಾಲಿ ವಾದದಲ್ಲಿ ಗೆದ್ದರೂ ಪ್ರಸಂಗ ಮುಗಿಯುವುದರೊಳಗೆ ಸಾಯಲೇಬೇಕು. ನಿಮ್ಮಲ್ಲಿ, ನರುಟೊ ಸರಣಿಯ ಮೂಲದಲ್ಲಿ ಸಾಯುವ ಇಟಾಚಿ ಬದುಕಿ ಉಳಿಯಬಹುದು. ಕಥೆ ತನ್ನ ಹಣೆಯ ಮೇಲೆಯೇ ‘ಎಯು’ (ಆಲ್ಟರ್ನೇಟ್ ಯೂನಿವರ್ಸ್, ಬೇರೆಯೇ ಲೋಕದ ಕಥೆ) ಎಂದು ಬರೆದುಕೊಂಡಿದ್ದರೆ ಘಟನೆ ಬದಲಾಯಿತೆಂದು ದೂರಬೇಡಿ. ಬದುಕಿದವನು ಇಟಾಚಿಯೇ ಹೌದೋ ಅಲ್ಲವೋ, ಅಷ್ಟು ನೋಡಿ.

ಇನ್ನು ‘ಬಿಟ್ಟಿ’. 1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಕಾಮಿಕೆಟ್ ಎಂಬ ಚಿತ್ರಕಥೆ ಅಭಿಮಾನಿಗಳ ಸಂತೆ ಮೊದಲ ಬಾರಿ ನಡೆದಾಗ ತಾವೇ ಮಾಡಿದ ದೋಜಿನ್ಶಿ ಪುಸ್ತಿಕೆಗಳನ್ನು ಹಿಡಿದು ಬಂದದ್ದು 32 ಗುಂಪುಗಳು. ಅವರನ್ನು ಯಾರೂ ಸಂಬಳ ಕೊಟ್ಟು ಕರೆದಿರಲಿಲ್ಲ. ಕಾಸು ಸಿಗದವರಿಗೆಲ್ಲ ವಿಮರ್ಶೆಯಿಂದ ವಿನಾಯಿತಿ ಎಂದಾದರೆ ಕನ್ನಡದ ಕವಿಗಳಲ್ಲಿ ಮುಕ್ಕಾಲು ಪಾಲು ಪಾರಾದರು!

ಈಗ ನಿಮ್ಮ ನಾಲ್ಕು ಸಾಲು. ಹುಡುಗ ನರುಟೊನನ್ನು ಮಲ್ಪೆಗೆ ತಂದಿದ್ದಾನೆ. ಎಂಟನೇ ಪುಟದಲ್ಲಿ, ಅಲ್ಲಿ ಆಸ್ಪತ್ರೆ ನಡೆಸುವ ತ್ಸುನಾಡೆಯ ಮುಂದೆ ನಿಂತು ನರುಟೊ ‘ತಾವು ದಯವಿಟ್ಟು ನನ್ನನ್ನು ಕ್ಷಮಿಸಬೇಕು’ ಎನ್ನುತ್ತಾನೆ. ನಿಮಗೆ ಕಿರಿಕಿರಿಯಾದದ್ದು ನ್ಯಾಯವೇ. ಮೂಲದಲ್ಲಿ ಊರಿಗೇ ಹೊಕಾಗೆ, ಅಂದರೆ ಮುಖ್ಯಸ್ಥೆ, ಆದ ಅದೇ ತ್ಸುನಾಡೆಯನ್ನು ‘ಬಾಚಾನ್’, ಅಂದರೆ ಅಜ್ಜಿ, ಎಂದು ಕರೆಯುವ ಪೋಕರಿ ಅವನು. ಆದರೆ ಹುಡುಗ ಯಾಕೆ ಹಾಗೆ ಬರೆದ? ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ನಮ್ಮ ಎಷ್ಟೋ ಮಕ್ಕಳಿಗೆ ಬರೆಯುವ ಕನ್ನಡವೆಂದರೆ ಪಾಠಪುಸ್ತಕದ ಕನ್ನಡ, ರಜಾ ಅರ್ಜಿಯ ಕನ್ನಡ. ಪೆನ್ನು ಹಿಡಿದ ಕೂಡಲೇ ‘ತಾವು’ ಬಂದು ಕೂರುತ್ತದೆ. ಅದರ ಮೇಲೆ ಸಾನ್, ಕುನ್, ಸಾಮಾ ಎಂದು ಜಪಾನಿನವರು ಹೆಸರಿನ ಬಾಲಕ್ಕೆ ಕಟ್ಟುವ ಮರ್ಯಾದೆಯನ್ನೆಲ್ಲ ನಾವು ನೀನು, ನೀವುಗಳಲ್ಲೇ ಹಂಚಬೇಕು. ನೀರುದೋಸೆ ತಿನ್ನಿಸುವ ಇರುಕಾ ಮಾಷ್ಟ್ರನ್ನು ನರುಟೊ ಏನೆಂದು ಕರೆಯಬೇಕು? ನಾನಾದರೆ ಶಾಲೆಯಲ್ಲಿ ಬಹುವಚನ, ಹೋಟೆಲಿನಲ್ಲಿ ಏಕವಚನ ಕೊಡುತ್ತಿದ್ದೆ. ನೀವು ಒಪ್ಪಬೇಕೆಂದಿಲ್ಲ.

ಇನ್ನು ಆರನೇ ಪುಟ ತೆಗೆಯಿರಿ. ನೀರಿಗೆ ಬಿದ್ದ ಮಗುವಿನ ಕೈ ಹಿಡಿದುಕೊಂಡು ನರುಟೊ ಕೂಗುತ್ತಾನೆ: ‘ನಾನು ಬಿಡುವ ಜನ ಅಲ್ಲ, ಗೊತ್ತುಂಟಾ!’ ನಾನು ಎದ್ದು ಕೂತೆ. ಮೂಲದಲ್ಲಿ ನರುಟೊನ ವಾಕ್ಯದ ತುದಿಗೆ ಜೋತುಬೀಳುವ ‘ದತ್ತೆಬಾಯೊ’ಗೆ ಹೇಳಿಕೊಳ್ಳುವಂಥ ಅರ್ಥವಿಲ್ಲ, ಬರೀ ಹಠ. ಇಂಗ್ಲಿಷ್ ಡಬ್ಬಿಂಗ್‌ನವರು ಅದನ್ನು ‘ಬಿಲೀವ್ ಇಟ್’ ಮಾಡಿದರು. ನನ್ನ ಕಿವಿಗೆ ಅದು ಜಾಹೀರಾತಿನಂತೆ ಕೇಳುತ್ತದೆ. ನಿಮ್ಮ ಹುಡುಗ ಬಸ್‌ಸ್ಟ್ಯಾಂಡಿನ ಮಾತನ್ನೇ ಎತ್ತಿ ಇಟ್ಟಿದ್ದಾನೆ. ಗೊತ್ತಿದ್ದು ಮಾಡಿದನೋ, ಕೈತಪ್ಪಿ ಬಂತೋ, ಅಂತೂ ಬಂದಿದೆ. ನಿಮ್ಮ ವಿಮರ್ಶೆಯಲ್ಲಿ ಇದರ ಸುದ್ದಿಯೇ ಇಲ್ಲ. ಕಟುವಾಗಿ ಬರೆದದ್ದು ನಿಮ್ಮ ತಪ್ಪಲ್ಲ, ಆರನೇ ಪುಟವನ್ನು ದಾಟಿ ಹೋದದ್ದು ತಪ್ಪು. ‘ಇಲ್ಲಿ ಮಾತಾಡಿದವನೇ ಎಂಟನೇ ಪುಟದಲ್ಲಿ ಎಲ್ಲಿಗೆ ಹೋದ?’ ಎಂದು ಕೇಳಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು, ಆದರೆ ತಿದ್ದಲು ಒಂದು ಹಿಡಿ ಸಿಗುತ್ತಿತ್ತು.

ಪ್ರಕಟಣೆ ನಮ್ಮಿಂದಾಗದು. ನರುಟೊ 1999ರಿಂದ 2014ರವರೆಗೆ ಚಿತ್ರಕಥೆಯ 700 ಅಧ್ಯಾಯ ಬರೆದು ಚಿತ್ರಿಸಿದ ಮಸಾಶಿ ಕಿಶಿಮೊಟೊ ಅವರ ಮಗು. ಬೆಲೆ ಹಾಕಿ ಮಾರುವ ಪತ್ರಿಕೆ ಅವರನ್ನು ಕೇಳದೆ ಅವನ ಕಥೆ ಅಚ್ಚುಹಾಕುವಂತಿಲ್ಲ. ನಿಮ್ಮೊಳಗೆ ಓದಿಕೊಳ್ಳುವುದು ಬೇರೆ ಮಾತು.

ಪೆನ್ಸಿಲ್ ಗುರುತು ಹಾಕಿದ ಪ್ರತಿ ಅಂಚೆಯಲ್ಲಿ ಬರುತ್ತದೆ, ಹುಡುಗನಿಗೆ ತಲುಪಿಸಿ. ಅವನಿಗೊಂದು ಮಾತು: ಕಥೆ ನಡೆಯುವುದು ಜುಲೈಯಲ್ಲಿ, ನರುಟೊ ಹತ್ತುವುದು ಟ್ರಾಲ್ ಬೋಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯ ಬೋಟುಗಳೆಲ್ಲ ಬಂದರಿನಲ್ಲೇ. ನಾಡದೋಣಿ ಎಂದು ತಿದ್ದಿಕೊಳ್ಳಲಿ.

— ಸಂ.