ಲೈನ್ ಹೋದರೆ ಲೆಕ್ಕವೂ ಹೋಗಬೇಕಾ?

ಪ್ರಶ್ನೆ: ಹಾಸನದ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ, ಮನೆ ಸಕಲೇಶಪುರದ ಹತ್ತಿರ. ರಾತ್ರಿ ಮನೆಯಿಂದ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಲಾಗಿನ್ ಆಗಿ) ಲಿನಕ್ಸ್ ಸರ್ವರಿನಲ್ಲಿ ದೊಡ್ಡ ಲೆಕ್ಕ ಓಡಿಸಿ ಮಲಗುತ್ತೇನೆ. ಮಳೆಗೆ ಇಂಟರ್‌ನೆಟ್ ಹೋದರೆ ಬೆಳಿಗ್ಗೆ ಅದೂ ನಿಂತಿರುತ್ತದೆ. ಸರ್ವರ್ ಆಫ್ ಆಗಿಲ್ಲ, ಯುಪಿಎಸ್ ಇದೆ. ಯಾಕೆ ಸಾರ್ ಹೀಗೆ?

ಉತ್ತರ: ಸರ್ವರಿಗೆ ಏನೂ ಆಗಿಲ್ಲ, ಸತ್ತಿದ್ದು ನಿಮ್ಮ ಟರ್ಮಿನಲ್, ಅಂದರೆ ಕಮಾಂಡ್ ಹೊಡೆಯುವ ಕಿಟಕಿ. ನೀವು ಓಡಿಸಿದ ಪ್ರೋಗ್ರಾಂ ಅದಕ್ಕೇ ಅಂಟಿಕೊಂಡಿರುತ್ತದೆ. ಸಂಪರ್ಕ ಕಡಿದು ಟರ್ಮಿನಲ್ ಮುಚ್ಚಿದಾಗ ಪ್ರೋಗ್ರಾಮಿಗೆ 'ಸಿಗ್‌ಹಪ್' ಅನ್ನೋ ಸಿಗ್ನಲ್ ಹೋಗುತ್ತದೆ. ಹಪ್ ಅಂದರೆ ಹ್ಯಾಂಗ್ ಅಪ್, ಆ ಕಡೆಯವರು ಫೋನ್ ಇಟ್ಟರು ಅಂತ, ಮೋಡೆಮ್ ಕಾಲದ ಹೆಸರು. ಅದು ಬಂದ ಕೂಡಲೇ ಪ್ರೋಗ್ರಾಂ ಕೂಡ ಅಂಗಡಿ ಮುಚ್ಚುತ್ತದೆ.

ಇದಕ್ಕೆ ಟಿಮಕ್ಸ್ (tmux) ಸಾಕು, ಸಂಪರ್ಕ ಕಡಿದರೂ ಟರ್ಮಿನಲ್ಲನ್ನು ಸರ್ವರಿನಲ್ಲೇ ಜೀವಂತ ಇಡುವ ಪ್ರೋಗ್ರಾಂ ಅದು. ಸರ್ವರಿಗೆ ಹೋಗಿ ಟಿಮಕ್ಸ್ ಅಂತ ಹೊಡೆಯಿರಿ, ಕೆಳಗೆ ಹಸಿರು ಪಟ್ಟಿ ಬರುತ್ತದೆ. ಅದರೊಳಗೆ ಲೆಕ್ಕ ಓಡಿಸಿ, ಕಂಟ್ರೋಲ್ ಜೊತೆ ಬಿ ಒತ್ತಿ, ಬಿಟ್ಟು, ಡಿ ಒತ್ತಿ ಹೊರಗೆ ಬನ್ನಿ. ಬೆಳಿಗ್ಗೆ 'ಟಿಮಕ್ಸ್ ಅಟ್ಯಾಚ್' ಅಂದರೆ ಬಿಟ್ಟಲ್ಲೇ ಸಿಗುತ್ತದೆ. ಒಂದು ವಿಷಯ, ಟಿಮಕ್ಸ್ ತೆರೆಯಬೇಕಾದ್ದು ಸರ್ವರಿನಲ್ಲಿ. ನಾನು ಮೊದಲ ಸಲ ಲ್ಯಾಪ್‌ಟಾಪಿನಲ್ಲೇ ತೆರೆದು ಅದರೊಳಗಿಂದ ಎಸ್‌ಎಸ್‌ಎಚ್ ಮಾಡಿ, ರಾತ್ರಿಯಿಡೀ ಓಡಿದ್ದನ್ನು ಕಳೆದುಕೊಂಡು, ಟಿಮಕ್ಸನ್ನೇ ಬೈದಿದ್ದೆ! ಸರ್ವರೇ ಆಫ್ ಆದರೆ ಮಾತ್ರ ಇದೂ ಉಳಿಸಲ್ಲ, ಹಾಗಾಗಿ ಲೆಕ್ಕ ಆಗಾಗ ಡಿಸ್ಕಿಗೆ ಸೇವ್ ಆಗುವ ಹಾಗೆ ಬರೆದಿಡಿ.

ಅಂದ ಹಾಗೆ, ಹೊರಗಿನಿಂದ ಪಾಸ್‌ವರ್ಡ್ ಹಾಕಿ ಹೋಗುತ್ತಿದ್ದೀರಾ? ಇಂಟರ್‌ನೆಟ್ಟಿಗೆ ತೆರೆದಿಟ್ಟ 22ನೇ ಪೋರ್ಟನ್ನು, ಅಂದರೆ ಎಸ್‌ಎಸ್‌ಎಚ್ ಬಾಗಿಲನ್ನು, ಯಾರ್ಯಾರದೋ ಬಾಟ್‌ಗಳು ಹಗಲೂ ರಾತ್ರಿ ತಟ್ಟುತ್ತಿರುತ್ತವೆ. ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲಿಗೆ ಬಳಸುವ ಫೈಲ್ ಜೋಡಿ) ಮಾಡಿಕೊಂಡು ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ನಿಲ್ಲಿಸುವಾಗ ಈಗಿರುವ ಕಿಟಕಿ ಮುಚ್ಚಬೇಡಿ, ಇನ್ನೊಂದು ತೆರೆದು ಕೀ ಕೆಲಸ ಮಾಡುತ್ತಾ ನೋಡಿ. ಇಲ್ಲದಿದ್ದರೆ ಬೆಳಿಗ್ಗೆ ಹಾಸನದ ಬಸ್ ಹತ್ತಬೇಕಾಗುತ್ತದೆ.

ಪ್ರಶ್ನೆ: ಡಿಸ್ಕ್ ತುಂಬಿತ್ತು, 40 ಜಿಬಿ ಲಾಗ್ ಫೈಲ್ ಅಳಿಸಿದೆ. ಡಿಸ್ಕಿನ ಜಾಗ ತೋರಿಸುವ 'ಡಿಎಫ್' ಈಗಲೂ 100% ಅನ್ನುತ್ತಿದೆ. ಆ ಜಾಗ ಎಲ್ಲಿ ಹೋಯಿತು? (ಚಿಕ್ಕಮಗಳೂರಿನಿಂದ)

ಉತ್ತರ: ಎಲ್ಲೂ ಹೋಗಿಲ್ಲ. ನೀವು ಕಿತ್ತಿದ್ದು ಮನೆ ಮುಂದಿನ ಬೋರ್ಡ್, ಬಾಡಿಗೆಯವರು ಒಳಗೇ ಇದ್ದಾರೆ. ಲಿನಕ್ಸಿನಲ್ಲಿ ಫೈಲ್ ಅಳಿಸಿದರೆ ಮೊದಲು ಹೋಗೋದು ಅದರ ಹೆಸರು. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದರೆ, ಅದು ಬಿಡುವವರೆಗೂ ಜಾಗ ಖಾಲಿ ಆಗಲ್ಲ. ರೂಟ್ (ಅಡ್ಮಿನ್) ಆಗಿ 'lsof +L1' ಕೊಟ್ಟು ನೋಡಿ, ಹಿಡಿದುಕೊಂಡವರು ಯಾರು ಅಂತ ಬರುತ್ತದೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿ, ಜಾಗ ವಾಪಸ್. ಇನ್ನು ಮೇಲೆ ಕೈಯಲ್ಲಿ ಅಳಿಸುವ ಗೊಡವೆ ಬೇಡ, ಹಳೇ ಲಾಗನ್ನು ತಾನೇ ಅಳಿಸುವ ಲಾಗ್‌ರೊಟೇಟ್‌ಗೆ ವಹಿಸಿ.

ಪ್ರಶ್ನೆ: ಲ್ಯಾಬಿನ ಎಂಟು ಹಳೇ ಕಂಪ್ಯೂಟರ್ ಜೋಡಿಸಿ ಕ್ಲಸ್ಟರ್ ಮಾಡಿದರೆ ನಮ್ಮ ಪ್ರೋಗ್ರಾಂ ಎಂಟು ಪಟ್ಟು ಬೇಗ ಓಡುತ್ತಾ? (ಅರಸೀಕೆರೆಯಿಂದ)

ಉತ್ತರ: ಸುಮ್ನೆ ಜೋಡಿಸಿದರೆ ಇಲ್ಲ. ಒಂದೇ ಕಾಫಿ ಗಿಡಕ್ಕೆ ಎಂಟು ಆಳು ನಿಲ್ಲಿಸಿದರೆ ಕೊಯ್ಲು ಬೇಗ ಮುಗಿಯುತ್ತಾ? ಬರೀ ಕಾಲು ತುಳಿದಾಟ. ಎಂಟು ಸಾಲು ಹಂಚಿಕೊಟ್ಟರೆ ಮುಗಿಯುತ್ತದೆ. ಹಾಗೆ ಹಂಚುವುದನ್ನು ಪ್ರೋಗ್ರಾಮಿನಲ್ಲೇ ಎಂಪಿಐ (ಯಂತ್ರಗಳು ಪರಸ್ಪರ ಸಂದೇಶ ಕಳಿಸುವ ವ್ಯವಸ್ಥೆ) ಬಳಸಿ ಬರೆಯಬೇಕು. ಬೇರೆ ಬೇರೆ ಡೇಟಾಕ್ಕೆ ಅದೇ ಲೆಕ್ಕ ನೂರು ಸಲ ಮಾಡುವುದಿದ್ದರೆ ಸುಲಭ, ಕೆಲಸಗಳನ್ನು ಯಂತ್ರಗಳಿಗೆ ಹಂಚುವ ಸ್ಲರ್ಮ್ ಹಾಕಿ ಸರದಿಯಲ್ಲಿ ಬಿಡಿ.

ಆಸೆ ಒಳ್ಳೆಯದೇ. 1994ರಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಬಿಯೋವುಲ್ಫ್ ಅನ್ನೋ ಕ್ಲಸ್ಟರ್ ಕಟ್ಟಿದ್ದೂ 16 ಮಾಮೂಲಿ 486 ಪ್ರೊಸೆಸರ್ ಮತ್ತು ಈಥರ್‌ನೆಟ್ಟಿನಿಂದಲೇ. ಎಲ್ಲರಿಗೂ ಒಂದೇ ಹೋಂ ಫೋಲ್ಡರ್ ಸಿಗಲು ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ವ್ಯವಸ್ಥೆ) ಹಾಕಿ, ಬಳಕೆದಾರರ ಯುಐಡಿ (ಗುರುತಿನ ಸಂಖ್ಯೆ) ಎಲ್ಲಾ ಯಂತ್ರದಲ್ಲೂ ಒಂದೇ ಇರಲಿ. ಇಲ್ಲದಿದ್ದರೆ ನಿಮ್ಮ ಫೈಲಿಗೆ ನಿಮಗೇ ಪರ್ಮಿಷನ್ ಇರಲ್ಲ. ಮೊದಲು ಎರಡೇ ಯಂತ್ರದಲ್ಲಿ ಮಾಡಿ ನೋಡಿ. ಎಂಟನ್ನೂ ರಾತ್ರಿಯಿಡೀ ಓಡಿಸುವ ಮುಂಚೆ ಲ್ಯಾಬಿನ ವೈರಿಂಗ್ ತಡೆಯುತ್ತಾ ಅಂತ ಎಲೆಕ್ಟ್ರಿಷಿಯನ್‌ಗೆ ಒಂದು ಮಾತು ಕೇಳಿ.